ನನ್ನ ಹೊಟ್ಟೆಯ ಹೊಲಿಗೆ, ನಿನ್ನ ಮದುವೆಯ ಮುಯ್ಯಿ

ಗೌರಕ್ಕಾ,

ಇತ್ತ ಎಲ್ಲರೂ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆ ಎಂದು ಶಾಲೆಯಲ್ಲಿ ಕಲಿಸಿದಂತೆ ಶುರು ಮಾಡಲು ಹೋದೆ, ಪೆನ್ನು ಅಲ್ಲೇ ನಿಂತಿತು. ಮಣ್ಣು ಸೇರಿದವಳ ಕ್ಷೇಮ ಕೇಳುವುದು ಹೇಗೆ? ನೀನಿದ್ದಾಗ ನಾಚಿಕೆಯಿಂದ ಬಾಯಿಗೆ ಬಾರದ್ದನ್ನು ಈಗ ಬಳ್ಳಾರಿಯ ಬಾಡಿಗೆ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಬಯ್ಯಬೇಡ.

ಸಿರುಗುಪ್ಪದ ಪಡಸಾಲೆಯಲ್ಲಿ ನಾನು ಹೊಟ್ಟೆ ಹಿಡಿದುಕೊಂಡು ಹೊರಳಾಡಿದ ದಿನ ನೆನಪಿದೆಯೇ? ನಾನು ಮೂರನೇ ಇಯತ್ತೆ, ನೀನು ಒಂಬತ್ತನೆಯದು. ಅಪೆಂಡಿಕ್ಸ್, ತಡಮಾಡದೆ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗೆ ಒಯ್ಯಿರಿ ಅಂದರು ಊರ ಡಾಕ್ಟರು. ಪುಕ್ಕಟೆಯಾದ್ದರಿಂದ ಜನ ಅದನ್ನು ಧರ್ಮಾಸ್ಪತ್ರೆ ಎನ್ನುತ್ತಿದ್ದರಲ್ಲ, ಅಪ್ಪ ಆ ಹೆಸರಿಗೇ ಹೆದರಿದ. ಅಕ್ಕಿ ಗಿರಣಿಯ ಗುಮಾಸ್ತ, ಮಡಿಕೆ ಮುರಿಯದ ಬಿಳಿ ಅಂಗಿಯ ಮನುಷ್ಯ. "ಧರ್ಮಾಸ್ಪತ್ರಿಗಿ ಹಾಕಿದ್ರ ಊರಾಗ ಮಾರಿ ಹೆಂಗ ತೋರಸ್ಲಿ? ನಾಳಿ ನಮ್ಮ ಹುಡುಗ್ಯಾರನ್ನ ಕೇಳಾಕ ಯಾರು ಬರ್ತಾರ?" ಅಂದ. ಗಿರಣಿ ಸಾಹುಕಾರನ ಹತ್ತಿರ ಸಾಲ ಎತ್ತಿ ನನ್ನನ್ನು ಖಾಸಗಿ ನರ್ಸಿಂಗ್ ಹೋಮಿಗೆ ಸೇರಿಸಿದ. ಒಳಗೆ ಕೀವಾಗಿದ್ದರಿಂದ ಬೇಗ ಬಿಡಲಿಲ್ಲ. ಮಂಚ, ಸೂಜಿ, ಬಾಟಲಿ ಎಲ್ಲದಕ್ಕೂ ದುಡ್ಡು. ನಾನು ಬದುಕಿದೆ, ಸಾಲ ಅಪ್ಪನ ದುಡಿಮೆಗೆ ಮೀರಿ ಬೆಳೆದು ನಿಂತಿತು.

ವಾಪಸು ಬಂದಾಗ ನೀನೇ ನನ್ನನ್ನು ಬಸ್ಸಿನಿಂದ ಎತ್ತಿ ಇಳಿಸಿದೆ. "ಬಂದ್ಯಾ ಹೊಲಿಗಿ ಹೊಟ್ಟಿ" ಅಂದು ನಕ್ಕೆ. ನಗಿಸಬೇಡ, ಹೊಲಿಗೆ ಜಗ್ಗುತ್ತದೆ ಎಂದು ನಾನು ಅತ್ತೆ. ನನ್ನ ಕಾಲ ಬಳಿ ಕೂತು ಇತಿಹಾಸದ ಪಾಠ ಬಾಯಿಪಾಠ ಮಾಡುತ್ತಿದ್ದೆ ನೀನು, ಮ್ಯಾಟ್ರಿಕ್ ಮುಗಿಸಿ ಟೀಚರಮ್ಮ ಆಗುತ್ತೇನೆ ಎನ್ನುತ್ತಿದ್ದೆ. ಆ ತಿಂಗಳಲ್ಲೇ ಕುರುಗೋಡಿನಿಂದ ಸಂಬಂಧ ಬಂತು. ಮೊದಲ ಹೆಂಡತಿ ತೀರಿಕೊಂಡವರು, ವರದಕ್ಷಿಣೆ ಬೇಡ, ಊಟದ ಖರ್ಚೂ ಅವರದೇ. ಅಪ್ಪನ ಪಾಲಿಗೆ ಉಳಿಯುವುದು ಮುಯ್ಯಿ. ಮದುವೆಗೆ ಬಂದವರು ಕೊಟ್ಟ ಮುಯ್ಯಿಯ ದುಡ್ಡನ್ನು ಅವರ ಮನೆಯ ಮದುವೆಗೆ ಇನ್ನಿಷ್ಟು ಸೇರಿಸಿ ಮುಟ್ಟಿಸಬೇಕು, ಆದರೆ ಅದು ಮುಂದಿನ ಮಾತು. ಸಾಹುಕಾರನಿಗೆ ಬೇಕಾದದ್ದು ಇವತ್ತಿನ ದುಡ್ಡು. ಹೀಗೆ ನನ್ನ ಆಪರೇಷನ್ನಿಗೆ ನಿನ್ನ ಮದುವೆಯಾಯಿತು.

ಚಪ್ಪರದಲ್ಲಿ ಮುಯ್ಯಿ ಕೂಗುವವನ ಗಂಟಲು ಈಗಲೂ ಕೇಳುತ್ತದೆ. "ರಾರಾವಿ ಮಾವನೋರ ಮುಯ್ಯಿ! ಕೊಳಗಲ್ಲ ಅತ್ತಿಯೋರ ಮುಯ್ಯಿ!" ಒಂದೊಂದು ಕೂಗಿಗೂ ದುಡ್ಡು ಅಪ್ಪನ ಕೈಗೆ ಬಂದು, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತ ಗಿರಣಿಯ ಆಳಿನ ಚೀಲಕ್ಕೆ ಇಳಿಯಿತು. ಎಲ್ಲರೂ ನೋಡಿದರು. ಹೊಸ ಲಂಗದೊಳಗೆ ಪಟ್ಟಿ ಕಟ್ಟಿಕೊಂಡು ಕಂಬ ಹಿಡಿದು ನಿಂತಿದ್ದ ನನ್ನನ್ನು ಹಸೆಯ ಮೇಲಿಂದ ನೀನು ನೋಡಿ, "ನೋಯ್ತೈತೇನು? ಕುಂದ್ರು ಬಾ" ಅಂದೆ. ಆ ಹೊತ್ತಿನಲ್ಲೂ ನನ್ನ ಹೊಟ್ಟೆಯದೇ ಚಿಂತೆಯೇ ನಿನಗೆ? ಮಗುವಾಗಿದ್ದೆ, ತಪ್ಪು ನನ್ನದಲ್ಲ ಎಂದು ಸಾವಿರ ಸಲ ಹೇಳಿಕೊಂಡಿದ್ದೇನೆ. ನಾಚಿಕೆ ಹೋಗಿಲ್ಲ.

ಅಪ್ಪ ಹೋದ ಮೇಲೆ ಗಂಡುಮಕ್ಕಳಿಲ್ಲದ ಮನೆಯ ಮುಯ್ಯಿಯೆಲ್ಲ ನಿನ್ನ ತಲೆಗೆ ಬಂತು. ತೆಕ್ಕಲಕೋಟೆಯಲ್ಲಿ ಒಂದು ಮದುವೆ, ರಾರಾವಿಯಲ್ಲಿ ಇನ್ನೊಂದು. ಎಮ್ಮೆಯ ಹಾಲು ಮಾರಿದ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ನೀನು ಬಸ್ಸಿಗೆ ಕಾಯುತ್ತಿದ್ದೆ. ನನಗೆ ಬಳ್ಳಾರಿಯ ಶಾಲೆಯಲ್ಲಿ ಕೆಲಸ ಸಿಕ್ಕಾಗ ಓಡಿ ಬಂದೆ, ಇನ್ನು ನಾನು ಮುಟ್ಟಿಸುತ್ತೇನೆ ಅಂದೆ. "ಸುಮ್ನಿರ್ಲೇ. ನನ್ನ ಮದಿವಿ ಮುಯ್ಯಿ ನಾನ ಮುಟ್ಟಸ್ತೀನಿ. ನೀ ಟೀಚರಮ್ಮ ಆಗೀದಿ, ಸಾಕು" ಅಂದೆ ನೀನು. ನೀನು ಆಗಬೇಕಿದ್ದ ಟೀಚರಮ್ಮ ನಾನು ಆದೆ ಅನ್ನುವುದು ನಿನಗೆ ಹೊಳೆದಿರಲಿಲ್ಲವೇ, ಅಥವಾ...

ಹೋದ ವರ್ಷ ನಾನು ಕುರುಗೋಡಿಗೆ ಬಂದಾಗ ನೀನು ಜಂತಿಗೆ ತೂಗುಹಾಕಿದ ನೆಲವಿನಿಂದ ಮೊಸರಿನ ಗಡಿಗೆ ಇಳಿಸಲಾರದೆ ಮಗಳು ಗಿರಿಜಾಳನ್ನು ಕರೆದೆ. ಕೈ ಮೇಲೇಳುತ್ತಿರಲಿಲ್ಲ. ಬಚ್ಚಲಿಗೆ ಕರೆದುಕೊಂಡು ಹೋಗಿ ನೋಡಿದೆ, ಎದೆಯಲ್ಲಿ ಗಂಟು. ನಡಿ ಬಳ್ಳಾರಿಗೆ ಎಂದೆ ನಾನು. "ಗಿರಿಜಾ ಈಗ ಒಂಬತ್ತನೇ ಇಯತ್ತ್ಯಾಗ ಅದಾಳ. ನಾ ಮಲಗಿದ್ರ ಮುಂದಿನ ತಿಂಗಳ ಅಕಿಗೂ ಚಪ್ಪರ ಹಾಕ್ತಾರ. ನನಗ ಗೊತ್ತಿಲ್ಲೇನು?" ಅಂದೆ ನೀನು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೇಳುವುದಿಲ್ಲವಲ್ಲ ಎಂದೆ ನಾನು. "ಹಾಸಿಗಿ ಪುಕ್ಕಟೆ. ಔಷಧ ಹೊರಗ ತರಬೇಕು, ಬಾಟ್ಲಿ ಹೊರಗ ತರಬೇಕು. ನನ್ನ ಹತ್ರ ಕುಂದ್ರಾಕ ಒಬ್ರು ಕೆಲಸ ಬಿಡಬೇಕು. ಅದಕ್ಕ ಸಾಲ ಆಗಂಗಿಲ್ಲೇನು?" ನೀನು ಹೇಳಿದ್ದೆಲ್ಲ ನಿಜವಾಗಿತ್ತು.

ನೋವು ತಡೆಯಲಾರದೆ ಕೊನೆಗೆ ನೀನೇ ಒಪ್ಪಿದೆ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕೋಟೆ ಗುಡ್ಡ ಕಾಣುವ ಕಿಟಕಿಯ ಹತ್ತಿರ ನಿನ್ನನ್ನು ಮಲಗಿಸಿದರು. "ಇಷ್ಟು ದಿನ ಎಲ್ಲಿದ್ರಿ?" ಎಂದು ಡಾಕ್ಟರು ಗದರಿದರು. ಏನು ಹೇಳಲಿ? ಮದುವೆ ಮನೆಗಳಲ್ಲಿದ್ದೆವು ಸಾರ್, ಮುಯ್ಯಿ ಮುಟ್ಟಿಸುತ್ತಿದ್ದೆವು ಎನ್ನಲೇ?

ನೀನು ಹೋದಾಗಿನಿಂದ ಒಂದೇ ಯೋಚನೆ. ತುಂಗಭದ್ರೆಯ ಕಾಲುವೆ ನೀರಿಗೆ ಎಲ್ಲರೂ ಕರ ಕಟ್ಟುತ್ತಾರೆ, ಆ ನೀರನ್ನು ಯಾರೂ ಧರ್ಮದ ನೀರು ಎನ್ನುವುದಿಲ್ಲ. ಆಸ್ಪತ್ರೆ ಮಾತ್ರ ಹೇಗೆ ಧರ್ಮವಾಯಿತು? ಮದುವೆಯ ಭಾರವನ್ನು ಊರೂರು ಹಂಚಿಕೊಳ್ಳುವ ನಾವು ರೋಗದ ಭಾರವನ್ನು ಬಾಗಿಲು ಹಾಕಿಕೊಂಡು ಒಬ್ಬರೇ ಹೊರುತ್ತೇವೆ. ಚೆನ್ನಾಗಿರುವಾಗ ಎಲ್ಲರೂ ಸರ್ಕಾರಕ್ಕೆ ಕೊಡಬೇಕು, ಮಲಗಿದಾಗ ಸಾಹುಕಾರನೂ ಕೂಲಿಯವನೂ ಒಂದೇ ಸಾಲಿನಲ್ಲಿ ಪಡೆಯಬೇಕು. ಹಾಸಿಗೆ ಅಷ್ಟೇ ಅಲ್ಲ, ಔಷಧವೂ. ಅದೂ ಒಂದು ಮುಯ್ಯಿಯೇ ಅಲ್ಲವೇ? ಅಷ್ಟು ಇದ್ದಿದ್ದರೆ ನೀನು ಮ್ಯಾಟ್ರಿಕ್ ಬರೆಯುತ್ತಿದ್ದೆ. ಈಗಲೂ ಇರುತ್ತಿದ್ದೆ.

ಈಗ ಸುದ್ದಿ ಕೇಳು. ನೀನು ಹೆದರಿದ ಹಾಗೆಯೇ ಆಯಿತು. ನಿನ್ನ ಔಷಧಕ್ಕೆ ಮಾಡಿದ ಸಾಲ ತೀರಿಸಲು ಭಾವ ಗಿರಿಜಾಗೆ ಗಂಡು ನೋಡಿದರು. ನಾನು ಅಡ್ಡ ನಿಂತೆ. ಸಾಲ ನನ್ನ ಸಂಬಳದಲ್ಲಿ ಹರಿಯಲಿ, ಹುಡುಗಿಯನ್ನು ಕಳಿಸಿ ಅಂದೆ. ತಲೆ ತಗ್ಗಿಸಿಕೊಂಡೇ ಕಳಿಸಿದರು. ಈಗ ನನ್ನ ಜೊತೆ ಇದ್ದಾಳೆ, ಬರುವ ವರ್ಷ ಮ್ಯಾಟ್ರಿಕ್ಕಿಗೆ ಕೂರುತ್ತಾಳೆ.

ಮೊನ್ನೆ ಅವಳಿಗೆ ಜ್ವರ ಬಂತು. ಸರ್ಕಾರಿ ಆಸ್ಪತ್ರೆಗೇ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಂತೆ. ಅಷ್ಟರಲ್ಲಿ ನಮ್ಮ ಶಾಲೆಯ ಹೆಡ್‌ಮಾಸ್ಟರು ಆ ದಾರಿಯಲ್ಲಿ ಬಂದರು. ಅಕ್ಕಾ, ಇಷ್ಟೆಲ್ಲ ಬರೆದ ನಿನ್ನ ತಂಗಿ ಏನು ಮಾಡಿದಳು ಗೊತ್ತೇ? ಸೆರಗು ಎಳೆದು ಮುಖ ಮುಚ್ಚಿಕೊಂಡಳು. ಥೇಟ್ ಅಪ್ಪನ ಮಗಳು.

ಗಿರಿಜಾ ಜ್ವರದ ಕೈಯಲ್ಲೇ ಆ ಸೆರಗನ್ನು ಕೆಳಗೆ ಜಗ್ಗಿದಳು. "ಚಿಗವ್ವಾ, ಮಾರಿ ಯಾಕ ಮುಚ್ಕೋತಿ? ನಾವೇನು ಕದಿಯಾಕ ಬಂದೀವೇನು?" ಅಂದು, ಸಾಲಿನವರಿಗೆಲ್ಲ ಕೇಳುವ ಹಾಗೆ ಆಸ್ಪತ್ರೆಯ ಚೀಟಿಯಲ್ಲಿ ತನ್ನ ಹೆಸರು, ನಿನ್ನ ಹೆಸರು, ಊರು ಕುರುಗೋಡು ಎಂದು ಬರೆಸಿದಳು.

ನಿನ್ನ ಹೊಲಿಗಿ ಹೊಟ್ಟಿ,
ಶಾಂತಾ