ಬರಿಗಾಲಿನ ಹರಕೆ

ಬೆಳಗಾವಿ, ಆಸ್ಪತ್ರೆ
ಮಾರ್ಗಶಿರ, ೧೯೨೬

ತೀರ್ಥಸ್ವರೂಪ ಚಂದ್ರಭಾಗಕ್ಕನಿಗೆ ನಮಸ್ಕಾರ.

ಆದರೆ ಆ ಹರಕೆ, ಅಕ್ಕಾ! ನಿನ್ನೆ ಖಾನಾಪುರದ ಗಾಡಿಗೆ ಹೊತ್ತಾಯಿತೆಂದು ನೀನು ಎದ್ದೆ, ಮಾತು ಅರ್ಧಕ್ಕೇ ಉಳಿಯಿತು. ಕಾಲು ಉಳಿದರೆ ನನ್ನಿಂದ ಹಲಸಿಯ ಗುಡಿಗೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿಸುತ್ತೇನೆಂದು ಬೇಡಿಕೊಂಡೆಯಲ್ಲ, ಕತ್ತರಿಸಬೇಕೆಂದಿದ್ದ ಕಾಲು ಉಳಿಯಿತು.

ನೀನು ತಂದಿಟ್ಟ, ನನ್ನಾಕೆ ಕಾಶೀಬಾಯಿಯ ಕುಂಕುಮದ ಪೆಟ್ಟಿಗೆಯನ್ನು, ಅವಳು ತೀರಿಹೋದ ಆರು ವರ್ಷಗಳಲ್ಲಿ ಇವತ್ತೇ ತೆರೆದೆ. ನರ್ಸಬಾಯಿ ಅದರ ಕನ್ನಡಿಯನ್ನು ನನ್ನ ಅಂಗಾಲಿನ ಕೆಳಗೆ ಹಿಡಿದರು. ಕೊಳೆತು ಕರ್ರಗಾಗಿದ್ದ ಹುಣ್ಣಿನ ತಳದಲ್ಲಿ ಕೆಂಪು ಮಾಂಸ ಮೂಡಿದೆ. ಡಾಕ್ಟರರು ಗ್ರ್ಯಾನ್ಯುಲೇಶನ್ ಎಂದರು. ನನ್ನ ಅರೆಮರೆತ ಕಾಲೇಜಿನ ಇಂಗ್ಲಿಷಿನಲ್ಲಿ ಗ್ರೇನ್ ಎಂದರೆ ಕಾಳು. ಖರೇ ಅಕ್ಕಾ, ದಾಳಿಂಬೆಯ ಕಾಳುಗಳೇ! ಇನ್ಸುಲಿನ್ ಎಂಬ ಹೊಸ ಔಷಧದ ಸೂಜಿ, ದಿನಾ ಹುಣ್ಣು ತೊಳೆದ ಕೈಗಳು. ಈ ಮಧುಮೇಹದ ಮುದಿ ದೇಹ ಹೊಸ ಮಾಂಸ ಬೆಳೆಸುತ್ತಿದೆ.

ಡಾಕ್ಟರರೇ ಅಂದರು: “ಕಾಲ ಉಳದೈತ್ರಿ ರಾಯರ. ಆದ್ರ ಇನ್ನ ಬರಿಗಾಲೀಲೆ ಒಂದ ಹೆಜ್ಜೀನೂ ಇಡಬ್ಯಾಡ್ರಿ. ಅಂಗಾಲ ಜೋಮ ಹಿಡದೈತಿ, ಸುಟ್ಟರೂ ನಿಮಗ ತಿಳ್ಯಾಂಗಿಲ್ಲ.”

ತಿಳಿಯಲಿಲ್ಲ ನೋಡು. ಹೋದ ಚೈತ್ರದಲ್ಲಿ ಅದೇ ಗುಡಿಯ ಕಾದ ಕಲ್ಲು ಸುಟ್ಟು ಗುಳ್ಳೆ ಒಡೆದಾಗ, ರಕ್ತದ ಹೆಜ್ಜೆ ಕಂಡು ಕೂಗಿದವಳು ನೀನು.

ಆದ್ದರಿಂದ ದೇವರಿಗೆ ನೀನೇ ತಿಳಿಸಿ ಹೇಳು. ಪ್ರದಕ್ಷಿಣೆ ನೀನು ಹಾಕು. ನಾನು ಜೋಡು ಮೆಟ್ಟಿಕೊಂಡು ಹೊರಗೆ ಕೈಮುಗಿದು ನಿಲ್ಲುತ್ತೇನೆ.

ಅಯ್ಯೋ, ಬೆಳಕು ಇಳಿಯಿತು. ಸಂಜೆಯ ಪಟ್ಟಿ ಬಿಚ್ಚಲು ನರ್ಸಬಾಯಿ ಬರುತ್ತಿದ್ದಾರೆ. ಕಣ್ಣಿಗೆ ಕಾಣುವಷ್ಟು ಬೆಳಕಿರುವಾಗಲೇ ಇನ್ನೊಮ್ಮೆ ಕನ್ನಡಿ ಹಿಡಿಯಿರೆಂದು ಕೇಳಬೇಕು.

ನಿನ್ನ ತಮ್ಮ,
ಬಾಳಕೃಷ್ಣ