ವ್ಯರ್ಥವಾದ ಒಂದು ನಿಮಿಷ ಇಪ್ಪತ್ತು ಸೆಕೆಂಡು

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಐದನೇ ತರಗತಿಯ ಹುಡುಗಿಯೊಬ್ಬಳನ್ನು ಬರುವ ಸೋಮವಾರದಿಂದ ಕಾರಿಡಾರಿನ ಕೊನೆಯಲ್ಲಿರುವ, ಹಿಂದುಳಿದ ಮಕ್ಕಳ ಕೋಣೆಗೆ ಸಾಗಹಾಕಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಅವಳ ತಪ್ಪು, ನಿಧಾನವಾಗಿ ಉತ್ತರ ಹೇಳುವುದು. ನನ್ನ ತಪ್ಪು, ಆ ಉತ್ತರಕ್ಕಾಗಿ ಕಾದದ್ದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಎಂದು ಮುಖ್ಯೋಪಾಧ್ಯಾಯರು ಒಂದು ವಾರದಿಂದ ಬೆನ್ನು ಬಿದ್ದಿದ್ದಾರೆ, ನಾನು ಹಾಕಿಲ್ಲ. ತಮ್ಮ ಕಚೇರಿಗೆ ಬರೆದ ಎರಡು ಪತ್ರಗಳಿಗೆ ಉತ್ತರ ಬರಲಿಲ್ಲ. ಹಾಗಾಗಿ ಮೂರನೆಯದನ್ನು ನಾಲ್ಕು ಜನ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಾಯುವುದನ್ನು ನನಗೆ ಕಲಿಸಿದವರು ಯಾರೆಂದು ತಮಗೆ ನೆನಪಿದೆಯೇ? ಮೂರು ವರ್ಷದ ಹಿಂದಿನ ತರಬೇತಿಯಲ್ಲಿ ತಾವು ಸಭಾಂಗಣದ ಮುಂದೆ ನಿಂತು ನಮಗೆಲ್ಲ ಒಂದು ಪ್ರಶ್ನೆ ಕೇಳಿ ಸುಮ್ಮನಾದಿರಿ. ಅರವತ್ತು ಜನ ಶಿಕ್ಷಕರು ಕೆಮ್ಮಿದೆವು, ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದೆವು, ಕೆಲವರು ಕಿಟಕಿ ನೋಡಿದರು. ಆಮೇಲೆ ತಾವು ನಕ್ಕು, "ಮೌನಕ್ಕೆ ಹೆದರಬೇಡಿ. ಮಗು ಯೋಚಿಸೋದೇ ಅಲ್ಲಿ," ಎಂದಿರಿ. ಪ್ರಶ್ನೆ ಕೇಳಿದ ಮರುಕ್ಷಣವೇ ನಾವೇ ಉತ್ತರ ಹೇಳಿಬಿಡುತ್ತೇವೆ, ಇಲ್ಲವೇ ಮುಂದಿನ ಬೆಂಚಿನ ಚೂಟಿಗಳಿಂದ ಹೇಳಿಸಿಬಿಡುತ್ತೇವೆ, ಉಳಿದ ಮಕ್ಕಳು ಯೋಚಿಸುವುದನ್ನೇ ಬಿಡುತ್ತಾರೆ ಎಂದು ವಿವರಿಸಿದಿರಿ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ನನ್ನ ಮನಸ್ಸಿಗೆ ನಾಟಿದ ತರಬೇತಿ ಅದೊಂದೇ. ತಮ್ಮ ಆ ಮಾತನ್ನು ಬರೆದು ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ. ಈಗಲೂ ಇದೆ, ಬಂದು ನೋಡಬಹುದು.

ಕಳೆದ ತಿಂಗಳು ತಾವು ಬಂದಿರಿ, ಆದರೆ ನೋಡಿದ್ದು ಬೀರುವನ್ನಲ್ಲ, ಕೈಗಡಿಯಾರವನ್ನು. ಅಂದು ಭಿನ್ನರಾಶಿ ಪಾಠ. ಅರ್ಧ ದೊಡ್ಡದೋ ಕಾಲು ದೊಡ್ಡದೋ ಎಂದು ಕೇಳಿದೆ. ಮೂವತ್ತು ಕೈ ಎದ್ದವು. ನಾನು ಎಬ್ಬಿಸಿದ್ದು ಕೈ ಎತ್ತದವಳನ್ನು. ಏನು ಕೇಳಿದರೂ ಮೊದಲು "ತಡೀರಿ ಮಿಸ್" ಎನ್ನುತ್ತಾಳೆಂದು ತರಗತಿಯಲ್ಲಿ ಅವಳ ಹೆಸರೇ ತಡೀರಿ ಆಗಿಹೋಗಿದೆ. ಅಂದೂ ಹಾಗೆಯೇ ಅಂದು, ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ನಿಂತಳು. ನಾನು ಕಾದೆ. ಹಿಂದಿನ ಸಾಲಿನಲ್ಲಿ ಇಬ್ಬರು ಕಿಸಕ್ಕೆಂದರು, ಒಬ್ಬ ಆಕಳಿಸಿದ, ಅದನ್ನೂ ಒಪ್ಪುತ್ತೇನೆ. ತಾವು ಏನೋ ಬರೆದುಕೊಂಡು, ಕುರ್ಚಿ ಹಿಂದಕ್ಕೆ ಸರಿಸಿ, ಹೊರಟೇಹೋದಿರಿ.

ತಮ್ಮ ಚಪ್ಪಲಿಯ ಸದ್ದು ಮೆಟ್ಟಿಲು ಇಳಿಯುವಷ್ಟರಲ್ಲಿ ಅವಳು ಬಾಯಿ ತೆರೆದಳು.

"ಯಾವುದರ ಅರ್ಧ ಮಿಸ್? ಬೆಡ್‌ಶೀಟಿನ ಕಾಲು ಭಾಗ ಕರ್ಚೀಫಿನ ಅರ್ಧಕ್ಕಿಂತ ದೊಡ್ಡದಲ್ವಾ?"

ಅವಳ ಅಪ್ಪ ದರ್ಜಿ. ಬಟ್ಟೆಗೆ ಕತ್ತರಿ ಹಾಕುವ ಮುಂಚೆ ತಾನೂ ಹೀಗೇ ಸುಮ್ಮನೆ ನೋಡುತ್ತಾ ಕೂತಿರುತ್ತೇನೆ, ಒಮ್ಮೆ ಕತ್ತರಿಸಿದರೆ ಮುಗೀತಲ್ಲ ಮೇಡಂ, ಎಂದು ಅವರು ಒಮ್ಮೆ ನನಗೆ ಹೇಳಿದ್ದರು. ಸ್ವಾಮಿ, ಇಪ್ಪತ್ತಾರು ವರ್ಷ ಈ ಪ್ರಶ್ನೆ ಕೇಳಿದ್ದೇನೆ. ಪ್ರಶ್ನೆಯೇ ಅರೆಬರೆ ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಖುಷಿಗೆ ನನ್ನ ಕಣ್ಣು ತುಂಬಿ, ಕಪ್ಪು ಹಲಗೆಯ ಕಡೆ ತಿರುಗಿ ನಿಲ್ಲಬೇಕಾಯಿತು. ತಮ್ಮ ವರದಿಯಲ್ಲಿ ಮಾತ್ರ ಬೇರೆ ಸಂಗತಿ ಇದೆ. ನಮೂನೆಯಲ್ಲಿ ಶಿಕ್ಷಕರ ಮಾತಿಗೊಂದು ಅಂಕಣ, ಮಕ್ಕಳ ಮಾತಿಗೊಂದು, ಚಟುವಟಿಕೆಗೊಂದು. ಮೌನಕ್ಕೆ ಅಂಕಣವೇ ಇಲ್ಲ. ಹಾಗಾಗಿ ಅದು "ವ್ಯರ್ಥ ಸಮಯ" ಎಂಬಲ್ಲಿ ಹೋಗಿ ಬಿದ್ದಿದೆ: ಒಂದು ನಿಮಿಷ ಇಪ್ಪತ್ತು ಸೆಕೆಂಡು. ಆ ನಮೂನೆ ತಯಾರಿಸಿದವರೂ ತಾವೇ ಎಂದು ಕೆಳಗಡೆ ಅಚ್ಚಾಗಿದೆ.

ಅಂದು ಮಧ್ಯಾಹ್ನ ಬೆಡ್‌ಶೀಟಿನ ವಿಷಯ ಹೇಳೋಣವೆಂದು ಸ್ಟಾಫ್ ರೂಮಿಗೆ ಓಡಿದೆ. ಎಂಟು ಜನ ಫೋನಿನಲ್ಲಿ ಹಾಜರಾತಿ ತುಂಬುತ್ತಿದ್ದರು. ಒಬ್ಬರು ತಲೆ ಎತ್ತದೆ "ಹೌದಾ, ಒಳ್ಳೇದು" ಎಂದರು. ಅವರನ್ನು ದೂರುವುದಿಲ್ಲ, ಐದು ಗಂಟೆಯೊಳಗೆ ತುಂಬದಿದ್ದರೆ ತಮ್ಮ ಕಚೇರಿಯಿಂದ ನೋಟಿಸು ಬರುತ್ತದೆ. ಮೊದಲು ಪಕ್ಕದ ತರಗತಿಯ ಭಾಷಾ ಟೀಚರ್ ಇದ್ದರು. ನನಗಿಂತ ಎಂಟು ವರ್ಷ ದೊಡ್ಡವರು, ಅಕ್ಕ ಎನ್ನುತ್ತಿದ್ದೆ. ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಯಾವ ಮಗು ಏನಂದಿತು, ಯಾವ ಪಾಠ ಕೆಟ್ಟಿತು ಎಂದು ಹರಟುತ್ತಿದ್ದೆವು. ಹೋದ ವರ್ಷ ನಿವೃತ್ತರಾದರು, ಅವರ ಕುರ್ಚಿಯ ಮೇಲೆ ಈಗ ಪ್ರಿಂಟರ್ ಇದೆ. ಮನೆಯಲ್ಲಿ ನಾನೊಬ್ಬಳೇ. ಆ ಸಂಜೆ ಪಾತ್ರೆ ತೊಳೆಯುತ್ತಾ ಇಡೀ ಪಾಠವನ್ನು ಅಡುಗೆಮನೆಯ ಗೋಡೆಗೆ ಹೇಳಿದೆ. ದಿನವಿಡೀ ಮಾತಾಡುವ ಕೆಲಸದಲ್ಲಿದ್ದೂ ಇಷ್ಟು ಒಂಟಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಊರಾಚೆಯಿಂದ ತಂಗಿ ಫೋನು ಮಾಡಿ, ನಿನಗೊಬ್ಬಳಿಗೇ ಯಾಕೆ ಈ ಉಸಾಬರಿ ಅಕ್ಕ, ಸಹಿ ಹಾಕಿ ತಣ್ಣಗಿರು ಎನ್ನುತ್ತಾಳೆ.

ಆ ಕೊನೆಯ ಕೋಣೆ ಬೇಡವೇ ಬೇಡ ಎಂದು ನಾನು ಹಟ ಹಿಡಿದಿಲ್ಲ. ಅಕ್ಷರ ಕೂಡಿಸಲು ಬಾರದ ಮಕ್ಕಳಿಗೆ ಅಲ್ಲಿ ಉಪಕಾರವಾಗಿದೆ. ಆದರೆ ಅಲ್ಲಿ ಒಂದು ಡೆಸ್ಕಿಗೆ ಒಂದೇ ಮಗು, ಗೋಡೆಯ ಕಡೆ ಮುಖ, ಕೈಯಲ್ಲಿ ಹಾಳೆ. ಮಗು ತಾನೊಂದೇ ಮುಟ್ಟಲಾಗದ, ಪಕ್ಕದಲ್ಲಿ ಒಬ್ಬರಿದ್ದರೆ ಮುಟ್ಟಬಲ್ಲ ದೂರವೊಂದಿದೆ, ಕಲಿಕೆ ನಡೆಯುವುದು ಅಷ್ಟರಲ್ಲೇ ಎಂದು ಅದೇ ತರಬೇತಿಯಲ್ಲಿ ತಾವೇ ಹಲಗೆಯ ಮೇಲೆ ವೃತ್ತದೊಳಗೆ ವೃತ್ತ ಬರೆದು ತೋರಿಸಿದಿರಿ. ಪಕ್ಕದಲ್ಲಿ ಯಾರೂ ಇಲ್ಲದ ಡೆಸ್ಕಿನಲ್ಲಿ ತಮ್ಮ ಆ ವೃತ್ತವನ್ನು ಎಲ್ಲಿ ಬರೆಯೋಣ? ಟೀಚರಿಗೂ ಅಂಥದೊಂದು ದೂರವಿರುತ್ತದೆ ಎಂದು ಮಾತ್ರ ತರಬೇತಿಯಲ್ಲಿ ಯಾರೂ ಹೇಳಲಿಲ್ಲ. ಭಾಷಾ ಟೀಚರ್ ಅಕ್ಕ ನಿವೃತ್ತರಾದ ಮೇಲೆ ನನಗೇ ಗೊತ್ತಾಯಿತು.

ನಿನ್ನೆ ಗಂಟೆ ಬಾರಿಸಿದ ಮೇಲೆ ಆ ಹುಡುಗಿ ನನ್ನ ಮೇಜಿನ ಹತ್ತಿರ ಬಂದಳು. ಯಾರೋ ಹೇಳಿಬಿಟ್ಟಿದ್ದಾರೆ.

"ಆ ರೂಮಲ್ಲಿ ಕಾಯ್ತಾರಾ ಮಿಸ್?"

ಕಾಯುತ್ತಾರೆ ಎಂದರೆ ಸುಳ್ಳು. ಇಲ್ಲ ಎಂದರೆ ಅವಳು ಸೋಮವಾರ ಶಾಲೆಗೆ ಬರುವುದಿಲ್ಲ. ಸುಮ್ಮನೆ ನಿಂತೆ. ಅವಳು ಬ್ಯಾಗು ಕೆಳಗಿಟ್ಟು, ನನ್ನ ಮುಖ ನೋಡುತ್ತಾ ಕಾದಳು. ಕಿಸಕ್ಕೆನ್ನಲಿಲ್ಲ, ಗಡಿಯಾರ ನೋಡಲಿಲ್ಲ. ಕೊನೆಗೆ, "ಪರವಾಗಿಲ್ಲ ಮಿಸ್, ಆಮೇಲೆ ಹೇಳಿ," ಎಂದು ಬ್ಯಾಗು ಎತ್ತಿಕೊಂಡು ಹೋದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆದೇಶವನ್ನು ಸೋಮವಾರದೊಳಗೆ ಹಿಂತೆಗೆದುಕೊಳ್ಳಿ. ಅಷ್ಟು ಸುಲಭವಲ್ಲವೆಂದರೆ, ಸೋಮವಾರ ಬೆಳಿಗ್ಗೆ ನನ್ನ ತರಗತಿಗೆ ಬನ್ನಿ, ಗಡಿಯಾರ ಮುಖ್ಯೋಪಾಧ್ಯಾಯರ ಕೋಣೆಯಲ್ಲೇ ಬಿಟ್ಟು ಬನ್ನಿ. ಅವಳ ಪಕ್ಕ ಜಾಗವಿದೆ, ಕೂತುಕೊಳ್ಳಿ. ನಿನ್ನೆ ಅವಳು ಕೇಳಿದ ಪ್ರಶ್ನೆಗೆ ತಾವೇ ಉತ್ತರ ಹೇಳಿ. ಎಷ್ಟು ಹೊತ್ತಾದರೂ ಆಗಲಿ, ಅವಳು ಕಾಯುತ್ತಾಳೆ.

ಇಂತಿ,
ತಮ್ಮ ಒಂದೇ ಒಂದು ಮಾತನ್ನು ನಂಬಿ ಕೆಟ್ಟ
ಐದನೇ ತರಗತಿಯ ಗಣಿತದ ಟೀಚರ್