ತೂಕದ ಕೋಣೆಯ ಜೋಗುಳ

ಅಜ್ಜಿ, ಸುಖವಾಗಿ ತಲುಪಿ ಕೆಲಸಕ್ಕೂ ಸೇರಿದೆ. ವಿಶ್ವವಿದ್ಯಾಲಯದ ತೂಕದ ಕೋಣೆಗೆ ಹಾಕಿದ್ದಾರೆ. ಕೂದಲೆಳೆಯನ್ನೂ ತೂಗುವಂಥ ತಕ್ಕಡಿ ಇಲ್ಲಿ ಇದೊಂದೇ ಇರುವುದರಿಂದ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿರುತ್ತದೆ. ಸಂಶೋಧನೆಯೆಂದರೆ ರಾಕೆಟ್ಟು, ಔಷಧಿ ಅಂದುಕೊಂಡಿದ್ದೆ. ಇಲ್ಲಿ ಒಬ್ಬರು ಇರುವೆ ತೂಗಿಸುತ್ತಾರೆ, ಇನ್ನೊಬ್ಬರು ಬಸ್ಸಿನ ಕಿಟಕಿಯ ಧೂಳು. ಮೊನ್ನೆ ಮೇಜಿನ ಮೇಲೆ ಸವೆದ ಚಪ್ಪಲಿ ಕಂಡು, ಇದೆಂಥ ಅನಿಷ್ಟ ಎಂದು ಬಾಗಿಲಾಚೆ ಇಟ್ಟೆ. ಜನ ಹೇಗೆ ನಡೆಯುತ್ತಾರೆಂದು ತಿಳಿಯಲು ಒಬ್ಬರು ಮೂರು ವರ್ಷದಿಂದ ಅದನ್ನು ತೂಗುತ್ತಿದ್ದಾರಂತೆ! ಪುಣ್ಯಕ್ಕೆ ಯಾರೂ ಮೆಟ್ಟಿಕೊಂಡು ಹೋಗಿರಲಿಲ್ಲ.

ಸಾಲಿನಲ್ಲಿ ಒಬ್ಬರು ಮೇಡಂ ಮಾತ್ರ ದಿನವೂ ಬರಿಗೈಯಲ್ಲಿ ನಿಲ್ಲುತ್ತಾರೆ. "ನಿಮ್ದೇನು ತೂಗ್ಬೇಕು ಮೇಡಂ?" ಎಂದೆ.

"ಏನೂ ಇಲ್ಲಮ್ಮ, ನಾನು ಜೋಗುಳ ಸಂಗ್ರಹ ಮಾಡ್ತೀನಿ. ಸುಮ್ನೆ ನಿಂತಿರೋ ಜನ ಬೇರೆಲ್ಲಿ ಸಿಗ್ತಾರೆ? ನೀನೂ ಒಂದು ಹಾಡು."

ನಿನ್ನದನ್ನೇ ಹಾಡಿದೆ. ಎರಡು ನುಡಿ ಆಗುತ್ತಲೇ ನಿಂತುಹೋಯಿತು. ಎಷ್ಟು ತಿಣುಕಿದರೂ ಮುಂದಿನದು ಬಾಯಿಗೆ ಬರಲಿಲ್ಲ.

ಮೇಡಂ ನಕ್ಕರು. "ಎಲ್ಲರದ್ದೂ ಇದೇ ಕಥೆ. ನೂರಿಪ್ಪತ್ತು ಹಾಡು ಸಿಕ್ಕಿದೆ, ಮುಕ್ಕಾಲು ಪಾಲಿಗೆ ಕೊನೆಯೇ ಇಲ್ಲ. ಕೊನೆ ಬರೋ ಹೊತ್ತಿಗೆ ಕೇಳೋ ಮಕ್ಕಳೆಲ್ಲ ಮಲಗಿಬಿಟ್ಟಿರ್ತಾರೆ!"

ಕೆಮ್ಮು ವಾಸಿಯಾಗಿದೆ, ಊಟಕ್ಕೂ ತೊಂದರೆಯಿಲ್ಲ. ಕಾರ್ಡಿನಲ್ಲಿ ಜಾಗ ಮುಗಿಯಿತು. ಹಾಡಿನ ಉಳಿದದ್ದನ್ನು ಅಮ್ಮನ ಕೈಲಿ ಬೇಗ ಬರೆಸಿ ಕಳಿಸು. ಆದರೆ ಹೇಳುವವಳು ನೀನೇ ಆಗಬೇಕು. ಅವಳೂ ಅರ್ಧಕ್ಕೇ ಮಲಗಿದವಳು.

ನಿನ್ನ ಮೊಮ್ಮಗಳು